ಐದೂವರೆಯ ಮೆಟ್ಟಿಲು

ಮಗಳಿಗೆ ನ್ಯೂಜಿಲೆಂಡಿನಲ್ಲಿ ಸೀಟು ಸಿಕ್ಕಿದ ಸುದ್ದಿಯನ್ನು ಅಂದಾನಿ ಮೊದಲು ಹೇಳಿದ್ದು ನೀರಿನ ಲಾರಿಯವನಿಗೆ. ಮೇ ತಿಂಗಳ ಬಿಸಿಲು. ಮದ್ರಾಸಿನ ಮಾಧವರಂನ ಆ ಬೀದಿಯವರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಅಂದಾನಿಯ ತಮಿಳು ಅಷ್ಟಕ್ಕಷ್ಟೆ. "ಪೊಣ್ಣು ಫಾರಿನ್ ಪೋಗುದು. ಪಾಲ್ ಪಡಿಪ್ಪು," ಎಂದು ಅಭಿಮಾನದಿಂದ ಹೇಳಿದ. ಹುಡುಗಿ ಹಾಲಿನ ಓದಿಗೆ ಪರದೇಶಕ್ಕೆ ಹೋಗುತ್ತಾಳೆಂಬುದು ಲಾರಿಯವನಿಗೆ ಅರ್ಥವಾಯಿತೋ ಇಲ್ಲವೋ, ಮುಂದಿನ ಕೊಡಕ್ಕೆ ಪೈಪು ತಿರುಗಿಸಿದ.

ಅಂದಾನಿ ಮಂಡ್ಯ ಕಡೆಯವನು. ಹಾಲಿನ ಡೇರಿಯಲ್ಲಿ ಸೂಪರ್‌ವೈಸರನಾಗಿ ನಿವೃತ್ತನಾದವನು. ಮಗ ಶ್ರೀನಾಥ್‌ಗೆ ಅಂಬತ್ತೂರಿನ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ, ಮೊಮ್ಮಗಳು ಹುಟ್ಟಿದ ಮೇಲೆ, ಹೆಂಡತಿ ಕರಿಯಮ್ಮನೊಡನೆ ಇಲ್ಲಿಗೇ ಬಂದಿದ್ದ. ಮಗಳು ಪ್ರಣಮ್ಯಾ ಅವರಿಗಿಂತ ಮೊದಲೇ ಬಂದಿದ್ದಳು. ಮಾಧವರಂನ ಒಂದು ಖಾಸಗಿ ಹಾಲಿನ ಕಂಪನಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬಂದ ಟ್ಯಾಂಕರಿನ ಹಾಲನ್ನು ಪರೀಕ್ಷೆ ಮಾಡಿ ಒಳಗೆ ಬಿಡುವುದು, ಇಲ್ಲವೇ ವಾಪಸು ಕಳಿಸುವುದು.

ಆ ಭಾನುವಾರ ಸೊಪ್ಪಿನ ಬಸ್ಸಾರು, ಮುದ್ದೆ. ಸಾರು ಕುದಿಯುವಷ್ಟೇ ಮನೆಯೂ ಕುದಿಯುತ್ತಿತ್ತು. ಫ್ಯಾನಿನ ಕೆಳಗೆ ಎಲ್ಲರೂ ನೆಲದ ಮೇಲೆ ಕೂತಿದ್ದರು.

"ಇನ್ನೊಂದ್ ಕಾಗದ ಬಾಕಿ ಐತಂತಲ್ಲ ನಂದಿತಮ್ಮ," ಅಂದಾನಿ ಮುದ್ದೆ ಮುರಿಯುತ್ತ ಸೊಸೆಯನ್ನು ಕೇಳಿದ. "ಅದು ನಿಮ್ಮಾಪೀಸಲ್ಲೇ ಮಾಡ್ಕೊಡೋದಂತೆ?"

ನಂದಿತಾಳ ಆಫೀಸು ಎಗ್ಮೋರ್‌ನಲ್ಲಿತ್ತು. ಹೊರದೇಶಕ್ಕೆ ಹೋಗುವವರು ತಂದ ಸರ್ಟಿಫಿಕೇಟುಗಳನ್ನು ನೋಡಿ, ಇಲ್ಲಿಯ ಓದು ಅಲ್ಲಿಯ ಯಾವ ಮೆಟ್ಟಿಲಿಗೆ ಸಮ ಎಂದು ವರದಿ ಬರೆದುಕೊಡುವ ಕೆಲಸ.

"ನಮ್ಮಂಥ ಆಫೀಸು ಯಾವುದಾದ್ರೂ ಆಗತ್ತೆ ಮಾವ."

"ಯಾವ್ದಾರಾ ಯಾಕವ್ವ? ಮನೇಲಿ ಬೆಣ್ಣೆ ಮಡಿಕ್ಕಂಡು ತುಪ್ಪಕ್ಕೆ ಊರೆಲ್ಲ ಅಲಿಯೋದಾ?"

"ಮನೆಯವರ ಫೈಲು ನಾನು ಮುಟ್ಟೋ ಹಾಗಿಲ್ಲ. ನಮ್ಮಲ್ಲಿಗೇ ಕೊಟ್ರೆ ಮನೀಶ್ ಅಂತ ಒಬ್ರಿದ್ದಾರೆ, ಅವರು ನೋಡ್ತಾರೆ."

"ಯಾರೋ ಒಬ್ರು ನೋಡ್ಲಿ. ಎಷ್ಟು ಬರ್ತದೆ ಅದು ಯೋಳು."

ನಂದಿತಾ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಮ್ಮ ದೇಶದ ಲೆಕ್ಕದಲ್ಲಿ ಮೂರು ವರ್ಷದ ಡಿಗ್ರಿಗೆ ಐದೂವರೆ. ನಾಲ್ಕನೇ ವರ್ಷ ಆನರ್ಸ್ ಮುಗಿಸಿದ್ರೆ ಆರು."

"ಅರೆ ಬೇರೆ ಐತಾ? ಓದೋದನ್ನೂ ಪಾವು ಅಚ್ಚೇರಲ್ಲಿ ಅಳೀತಾರಾ?" ಅಂದಾನಿ ನಕ್ಕ. ಶ್ರೀನಾಥನೂ ನಕ್ಕ.

"ಅವರದ್ದು ಹತ್ತು ಮೆಟ್ಟಿಲು, ನಮ್ಮದು ಎಂಟು. ಎರಡು ಏಣಿ ಪಕ್ಕಪಕ್ಕ ಇಟ್ರೆ ಮೆಟ್ಟಿಲು ಸರಿಯಾಗಿ ಕೂರಲ್ಲ ಮಾವ. ಅದಕ್ಕೇ ನಮ್ಮಂಥವರಿಗೆ ಕೆಲಸ."

"ಅವ್ರು ಎಷ್ಟು ಕೇಳವ್ರೆ?"

ಈ ಸಲ ಉತ್ತರ ಕೊಟ್ಟವಳು ಪ್ರಣಮ್ಯಾ. "ಆನರ್ಸ್ ಕೇಳಿದ್ದಾರೆ ಅಪ್ಪ. ಫೀಸು ಬಿಡೋದು ಆ ಕೋರ್ಸಿಗೆ ಮಾತ್ರ. ಆದ್ರೆ ನನ್ನ ಮಾರ್ಕ್ಸ್ ಕಾರ್ಡ್ ಮೇಲೆ ಬಿಎಸ್ಸಿ ಆನರ್ಸ್ ಅಂತಾನೇ ಅಚ್ಚಾಗಿದೆ. ಮೂರೂ ವರ್ಷದ್ದರಲ್ಲೂ ಇದೆ."

"ಮತ್ತೆ? ಸರ್ಕಾರ್ದೋರೇ ಅಚ್ಚಾಕವ್ರೆ!" ಅಂದಾನಿ ಸಾರಿಗೆ ಕೈ ಚಾಚಿದ.

ಅದು ಕೋರ್ಸಿನ ಹೆಸರು, ಮುಗಿಸಿದ ಓದಿನ ಹೆಸರಲ್ಲ ಎಂದು ನಂದಿತಾಳಿಗೆ ಗೊತ್ತಿತ್ತು. ಪ್ರಣಮ್ಯಾ ಸೇರಿದಾಗ ಹೊಸ ಪದ್ಧತಿ. ಮೂರು ವರ್ಷಕ್ಕೆ ಬಿಟ್ಟರೆ ಬರೀ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಅವಳು ಮೂರಕ್ಕೆ ಬಿಟ್ಟಿದ್ದಳು. ಯಾಕೆ ಬಿಟ್ಟಳೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವ ಮಾತಲ್ಲ.

ಎರಡು ವರ್ಷದ ಹಿಂದೆ ನಂದಿತಾಳಿಗೆ ಹೆರಿಗೆಯಾಗಿತ್ತು, ಸಿಸೇರಿಯನ್. ಮೊದಲ ಬಾಣಂತನ ತವರಿನದು. ಆದರೆ ತವರಿನಲ್ಲಿ ತಾಯಿ ಇರಲಿಲ್ಲ. ಕರಿಯಮ್ಮ ಅದೇ ಹೊತ್ತಿಗೆ ಬಚ್ಚಲಲ್ಲಿ ಜಾರಿ ಮೊಣಕಾಲು ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ನಾಲ್ಕನೆಯ ವರ್ಷಕ್ಕೆ ಫೀಸು ಕಟ್ಟಲು ಹೊರಟಿದ್ದ ಮಗಳನ್ನು ಅಂದಾನಿ ಮದ್ರಾಸಿನ ಬಸ್ಸು ಹತ್ತಿಸಿದ್ದ. ಮೂರು ತಿಂಗಳೆಂದು ಬಂದವಳು ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಮೆಣಸಿನ ಸಾರು, ಗೋಡಂಬಿ ಲೇಹ್ಯ, ಸಾಂಬ್ರಾಣಿ ಹೊಗೆ ಎಂದು ಉಳಿದಳು. ನಂದಿತಾಳ ರಜೆ ಮುಗಿಯಿತು, ಮಗು ಸೋದರತ್ತೆಯ ಸೊಂಟ ಬಿಡಲಿಲ್ಲ, ಅಷ್ಟರಲ್ಲಿ ಕಾಲೇಜಿನಲ್ಲಿ ಅರ್ಧ ವರ್ಷ ಕಳೆದಿತ್ತು. ಮರುವರ್ಷ ಸೇರುವವರಿಲ್ಲವೆಂದು ಆ ಕಾಲೇಜು ನಾಲ್ಕನೆಯ ವರ್ಷದ ತರಗತಿಯನ್ನೇ ಕೈಬಿಟ್ಟಿತು.

"ಅಶ್ವಿ, ಆ ಅನ್ನು," ಪ್ರಣಮ್ಯಾ ಮಗುವಿನ ಬಾಯಿಗೆ ತುತ್ತಿಟ್ಟಳು. ಮಗು ಅಮ್ಮನತ್ತ ನೋಡದೆ ಅತ್ತೆಯ ಕೈಯಿಂದ ಉಂಡಿತು.

ಫೈಲು ನಂದಿತಾಳ ಆಫೀಸಿಗೇ ಹೋಯಿತು.

ಮುಂದಿನ ವಾರ ಒಂದು ಮಧ್ಯಾಹ್ನ ನಂದಿತಾ ಊಟಕ್ಕೆ ಏಳುವ ಹೊತ್ತಿಗೆ ಅಂದಾನಿ ಬುತ್ತಿ ಹಿಡಿದು ಎಗ್ಮೋರ್‌ನ ಆ ಎರಡನೆಯ ಮಹಡಿಯಲ್ಲಿ ನಿಂತಿದ್ದ. ಬುತ್ತಿ ಅವಳು ಮರೆತದ್ದಲ್ಲ. ಅವಳ ಬುತ್ತಿ ಬ್ಯಾಗಿನಲ್ಲೇ ಇತ್ತು.

"ನಿಮ್ಮತ್ತೆ ಒಬ್ಬಟ್ಟು ಮಾಡಿದ್ಲು. ಬಿಸಿ ಇದ್ದಂಗೇ ತಂದೆ," ಎಂದು ಅತ್ತಿತ್ತ ನೋಡಿದ. "ಮನೀಶಪ್ಪ ಯಾರು?"

ಮನೀಶ್ ಎದ್ದು ನಿಂತ. ಇನ್ನೂ ಮೂವತ್ತಾಗದ ಹುಡುಗ. ಅವನ ತಾತನ ಕಾಲದಲ್ಲೇ ಮನೆಯವರು ಮದ್ರಾಸಿಗೆ ಬಂದವರು. ಅವನ ಕನ್ನಡದಲ್ಲಿ ಅರ್ಧ ತಮಿಳು.

"ವಾಂಗ ಅಂಕಲ್, ಕೂತುಕೊಳ್ಳಿ. ನೀವು ಕನ್ನಡದಲ್ಲೇ ಪೇಸಿ, ನನಗೆ ಚೆನ್ನಾ ಪುರಿಯತ್ತೆ."

"ಪುರಿ ಅಲ್ಲ ಕಣಪ್ಪ, ಒಬ್ಬಟ್ಟು," ಎಂದ ಅಂದಾನಿ, ಅರ್ಥವಾಗುತ್ತದೆ ಎಂಬ ತಮಿಳು ಮಾತನ್ನು ತಿಂಡಿಯೆಂದುಕೊಂಡು. ಆಫೀಸೆಲ್ಲ ನಕ್ಕಿತು. ಹೊರಡುವಾಗ ಅಂದಾನಿ ಅವನ ಭುಜದ ಮೇಲೆ ಕೈಯಿಟ್ಟು, "ಭಾನುವಾರ ಮನೆಗ್ ಬರ್ಬೇಕು. ನಾಟಿಕೋಳಿ ಸಾರು, ಮುದ್ದೆ. ಇಲ್ಲ ಅನ್ನಂಗಿಲ್ಲ," ಎಂದ.

ಸಂಜೆ ನಂದಿತಾ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಮಾವ, ಪ್ರಣಮ್ಯಾ ಫೈಲು ಇರೋದು ಅವರ ಹತ್ರ."

"ಗೊತ್ತು ಕನವ್ವ. ಅದ್ಕೇ ಫೈಲಿನ್ ಮಾತೇ ಎತ್ನಿಲ್ಲ."

"ಮಾತೆತ್ತದೆ ಇರೋದಕ್ಕೆ ನಾಟಿಕೋಳಿನಾ?"

"ಉಣ್ಣಾಕ್ ಕರೆದ್ರೆ ತಪ್ಪಾ? ಡೇರಿಗೆ ಆಡಿಟ್ನೋರು ಬಂದಾಗ್ಲೂ ಉಣ್ಣಕ್ಕಿಕ್ಕಿ ಕಳ್ಸಿದೀವಿ. ಒಬ್ರಿಗೂ ಒಂದ್ ಮಾತ್ ಕೇಳಿಲ್ಲ ನಾನು."

"ಕೇಳ್ಲಿಲ್ಲ, ಸರಿ," ಒಳಗಿನಿಂದ ಕರಿಯಮ್ಮ ಎಂದಳು. "ಅವ್ರೂ ಏನೂ ಬರೀನಿಲ್ಲ."

"ನೀನ್ ಸುಮ್ಕಿರಮ್ಮಿ."

ನಂದಿತಾ ಗಂಡನ ಕಡೆ ನೋಡಿದಳು. ಶ್ರೀನಾಥ್ ಫೋನಿನಲ್ಲಿ ಮುಳುಗಿದ್ದ. "ಒಂದು ಊಟ ತಾನೇ ನಂದು, ಬಿಡು," ಎಂದ. ಯಾವುದನ್ನೂ ಬಿಡು ಎಂದೇ ಬಗೆಹರಿಸುವವನು ಅವನು.

ಭಾನುವಾರ ಮನೀಶ್ ಬಂದ. ಕರಿಯಮ್ಮ ಬೆಳಗಿನಿಂದ ಕಲ್ಲಿನ ಮುಂದೆ ಕೂತು ಮಸಾಲೆ ಅರೆದಿದ್ದಳು. ಮಿಕ್ಸಿಯಲ್ಲಿ ಅರೆದ ಮಸಾಲೆ ಕೋಳಿಗೆ ಹತ್ತುವುದಿಲ್ಲ ಎಂಬುದು ಅವಳ ಹಟ. ಮನೀಶ್ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದ.

"ಅಗೀಬ್ಯಾಡ ಕಣಪ್ಪ, ನುಂಗು," ಎಂದಳು ಕರಿಯಮ್ಮ.

"ನುಂಗೋದಾ ಆಂಟಿ? ಗಂಟಲಲ್ಲಿ ಮಾಟ್ಟಿಕೊಂಡ್ರೆ?"

"ಸಿಕ್ಕಾಕ್ಕಳಲ್ಲ. ಸಾರಲ್ಲಿ ಅದ್ದು, ಬುಡು. ಅದೇ ದಾರಿ ಹುಡುಕ್ಕಂಡ್ ಓಯ್ತದೆ."

ಅವನು ಕಣ್ಣು ಮುಚ್ಚಿ ನುಂಗಿದ, ನೀರು ಕುಡಿದ, ಮತ್ತೊಂದು ತುತ್ತು ಮುರಿದ. ಪ್ರಣಮ್ಯಾಗೂ ನಗು ಬಂತು. ಊಟದ ಮಧ್ಯೆ ಅವಳು ತನ್ನ ಲ್ಯಾಬಿನ ಕತೆ ಹೇಳಿದಳು. ಹಿಂದಿನ ದಿನ ಒಂದು ಟ್ಯಾಂಕರಿನ ಹಾಲು ಹುಳಿ ತಿರುಗಿತ್ತು. ಡ್ರೈವರು, "ತಂಗಚ್ಚಿ, ದಾರಿಯಲ್ಲಿ ಟೈರು ಪಂಚರ್, ನಂದಲ್ಲ ತಪ್ಪು," ಎಂದು ಅಂಗಲಾಚಿದ್ದ. ವಾಪಸು ಕಳಿಸಿದ್ದಳು.

"ಪಾವಂ," ಎಂದ ಮನೀಶ್.

"ಪಾಪಾನೇ. ಆದ್ರೆ ಬಿಟ್ರೆ ಆ ಹಾಲು ಯಾರ ಮನೆಗೋ ಹೋಗತ್ತಲ್ಲ."

ಫೈಲಿನ ಮಾತು ಒಬ್ಬರೂ ಎತ್ತಲಿಲ್ಲ. ಅವನು ಹೊರಟಾಗ ಕರಿಯಮ್ಮ ಡಬ್ಬಿ ತುಂಬ ಕೋಡುಬಳೆ ಕೊಟ್ಟಳು.

ಜೂನ್ ಮೊದಲ ವಾರ ನಂದಿತಾಳ ಮೇಲಿನವರು ರಜೆ ಹಾಕಿದರು. ಎಲ್ಲರ ಕರಡುಗಳನ್ನೂ ಒಮ್ಮೆ ಓದಿ ಕಳಿಸುವ ಕೆಲಸ ಅವಳ ಪಾಲಿಗೆ ಬಂತು. ಶುಕ್ರವಾರದ ಕಟ್ಟಿನಲ್ಲಿ ಪ್ರಣಮ್ಯಾಳದೂ ಇತ್ತು. ಅದನ್ನು ಬೇರೆಯವರಿಗೆ ಕೊಡಬೇಕಿತ್ತು. ಕೊಡುವ ಮೊದಲು ಕಣ್ಣು ಹಾಯಿತು. ನಾಲ್ಕು ವರ್ಷದ ಆನರ್ಸ್‌ಗೆ ಸಮ ಎಂದಿತ್ತು.

ಅವಳು ಮನೀಶನ ಮೇಜಿಗೆ ಹೋದಳು.

"ಇದು ಹೇಗೆ ಆನರ್ಸ್ ಆಯ್ತು ಮನೀಶ್?"

"ಮಾರ್ಕ್ಸ್ ಕಾರ್ಡ್ ಮೇಲೆ ಪೋಟ್ಟಿದ್ದಾರಲ್ಲ ಅಕ್ಕ, ಆನರ್ಸ್ ಅಂತ."

"ಅದು ಸ್ಕೀಮಿನ ಹೆಸರು. ಸೆಮಿಸ್ಟರ್ ಎಷ್ಟಿದೆ ನೋಡಿ."

ಮನೀಶ್ ಪುಟ ತಿರುವಿದ. ಅವನ ಕಿವಿ ಕೆಂಪಾಯಿತು. "ಅಯ್ಯೋ. ಅವಸರದಲ್ಲಿ ಮೇಲಿಂದ್ದು ಮಾತ್ರ ನೋಡಿಬಿಟ್ಟೆ."

ಅವಸರವೋ, ಮನೆಯ ಊಟವೋ. ಅವನ ಮುಖ ನೋಡಿದರೆ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಉಣ್ಣಿಸಿದವರ ಕಾಗದ ಓದುವಾಗ ಕಣ್ಣು ಒಂದು ಸಾಲು ಮೇಲೇ ನಿಂತುಬಿಡುತ್ತದೆ. ಲಂಚವನ್ನಾದರೂ ಲೆಕ್ಕ ಹಾಕಬಹುದು, ಮುದ್ದೆಯನ್ನು ಹಾಕಲಾಗದು.

ಮನೀಶ್ ದನಿ ತಗ್ಗಿಸಿದ. "ಅಕ್ಕ, ಒಂದು ಹೇಳ್ಲಾ? ನೀವು ಇದನ್ನ ನೋಡ್ಲೇ ಇಲ್ಲ ಅಂತ ಇಟ್ಟುಕೊಳ್ಳಿ. ಸೋಮವಾರ ಹೋಗಿಬಿಡತ್ತೆ. ತಪ್ಪಾದ್ರೆ ನನ್ನ ತಪ್ಪು. ಹುಡುಗಿ ಪೊಳೈಚ್ಚು ಪೋಗಲಿ."

ಬದುಕಿಕೊಂಡು ಹೋಗಲಿ ಎಂದು ಅವನು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಂದಿತಾ ಕರಡನ್ನು ಅವನ ಮೇಜಿನ ಮೇಲೇ ಬಿಟ್ಟು ಮನೆಗೆ ಬಂದಳು.

ಪ್ರಣಮ್ಯಾ ಅಡಿಗೆಮನೆಯ ಬಾಗಿಲಲ್ಲಿ ಕೂತು ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ನಂದಿತಾ ಅವಳ ಪಕ್ಕ ನೆಲಕ್ಕೆ ಕೂತು ಇದ್ದದ್ದನ್ನೆಲ್ಲ ಹೇಳಿದಳು. ಮೆಲ್ಲಗೇ ಹೇಳಿದಳು. ಎರಡು ಕೋಣೆಯ ಮನೆಯಲ್ಲಿ ಮೆಲ್ಲಗೆ ಎಂಬುದಿಲ್ಲ.

"ಮತ್ತೇನ್ ಕಷ್ಟ?" ಅಂದಾನಿ ಜಗಲಿಯಿಂದ ಎದ್ದು ಬಂದ. "ಅವ್ನೇ ಬರ್ದವ್ನೆ, ಅವ್ನೇ ಕಳಿಸ್ತಾನೆ. ನೀನ್ ಬಾಯ್ ಮುಚ್ಕಂಡಿದ್ರೆ ಸಾಕು."

"ಅಲ್ಲಿ ಹೋದ ಮೇಲೆ ಅವರು ಮತ್ತೆ ನೋಡಿದ್ರೆ ಮಾವ? ಓದ್ತಾ ಇರೋವಾಗ ಅರ್ಧಕ್ಕೆ ವಾಪಸ್ ಕಳಿಸ್ತಾರೆ. ಮನೀಶ್ ಕೆಲಸ ಹೋಗತ್ತೆ."

"ನೋಡಿದ್ರೆ ತಾನೆ?"

"ಅಪ್ಪ, ಸ್ವಲ್ಪ ಇರಿ," ಎಂದಳು ಪ್ರಣಮ್ಯಾ. ಅತ್ತಿಗೆಯ ಕಡೆ ತಿರುಗಿದಳು. "ಇದನ್ನ ನನಗೆ ಯಾಕೆ ಹೇಳಿದ್ರಿ?"

"ನಿನ್ನ ವಿಷಯ, ನಿನಗೆ ಹೇಳದೆ..."

"ಹೇಳದೆ ಇದ್ದಿದ್ರೆ ಹೋಗ್ತಿದ್ದೆ. ಈಗ ಹೋದ್ರೆ ಗೊತ್ತಿದ್ದೂ ಹೋದ ಹಾಗೆ. ಹೋಗದಿದ್ರೆ ನಾನೇ ಬೇಡ ಅಂದ ಹಾಗೆ. ಚೆನ್ನಾಗಿ ನನ್ನ ತಲೆ ಮೇಲೆ ಹಾಕಿದ್ರಿ."

"ನೀನೇ ಮೊನ್ನೆ ಹೇಳ್ದೆಯಲ್ಲ ಪ್ರಣಮ್ಯಾ, ಆ ಟ್ಯಾಂಕರ್ ವಿಷಯ."

ಪ್ರಣಮ್ಯಾ ತಟ್ಟೆ ಕೆಳಗಿಟ್ಟಳು. "ಆ ಟ್ಯಾಂಕರ್ ಹಾಲು ನನ್ನಿಂದ ಹುಳಿಯಾಗಿರಲಿಲ್ಲ ಅತ್ತಿಗೆ."

ಮಗು ಇನ್ನೊಂದು ತುತ್ತಿಗೆ ಬಾಯಿ ತೆರೆದು ಕಾಯುತ್ತಿತ್ತು.

"ನಿಮ್ಮ ಕೆಲಸವೇ ಇದು," ಪ್ರಣಮ್ಯಾ ಮುಂದುವರಿಸಿದಳು. "ಮೂರು ವರ್ಷ ಅಂದ್ರೆ ಎಷ್ಟು, ನಾಲ್ಕು ಅಂದ್ರೆ ಎಷ್ಟು ಅಂತ ದಿನಾ ಬರೀತೀರ. ನಾನು ಕಾಲೇಜು ಬಿಟ್ಟು ಬಂದಾಗ ನಿಮಗೆ ಗೊತ್ತಿತ್ತು ತಾನೇ?"

"ಗೊತ್ತಿತ್ತು."

"ಒಂದು ಮಾತು ಹೇಳಿದ್ರಾ?"

ನಂದಿತಾಳಿಗೆ ಆ ದಿನ ನೆನಪಾಯಿತು. ಹೊಲಿಗೆ ಹಾಕಿದ ಹೊಟ್ಟೆ, ಹಾಲು ಹಿಡಿಯದ ಕೂಸು, ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತ ನಾದಿನಿ. ಆ ಹೊತ್ತಿನಲ್ಲಿ ವಾಪಸು ಹೋಗೆಂದು ಹೇಳುವ ಬಾಣಂತಿ ಎಲ್ಲಿದ್ದಾಳೆ?

"ಹೇಳಲಿಲ್ಲ," ಎಂದಳು.

"ಆಗ ಹೇಳದೋರು ಈಗ್ಲೂ ಹೇಳಬೇಡಿ. ಅಷ್ಟೇ."

ಶ್ರೀನಾಥ್ ಕೋಣೆಯಿಂದ ಬಂದ. "ನಂದು, ತಪ್ಪು ನಮ್ಮದಲ್ಲ, ಅವನದ್ದು. ಬಿಡು."

"ನೀವು ಇನ್ನೊಂದು ಸಲ ಬಿಡು ಅಂದ್ರೆ ನಾನು ಈ ಮನೇನೇ ಬಿಡ್ತೀನಿ ನೋಡಿ," ಎಂದಳು ನಂದಿತಾ. ಶ್ರೀನಾಥ್ ಬಂದ ಹಾಗೆ ಒಳಗೆ ಹೋದ.

ಸೋಮವಾರ ಅವಳು ಮನೀಶನ ಮೇಜಿನಿಂದ ಕರಡನ್ನು ತೆಗೆದು ಮೇಲಿನವರ ಬದಲು ನೋಡುವ ಇನ್ನೊಬ್ಬರ ಕೈಗೆ ಕೊಟ್ಟಳು. ಜೊತೆಗೆ ಬಾಯಲ್ಲೇ ಹೇಳಿದಳು: ಆರು ಸೆಮಿಸ್ಟರ್ ಮಾತ್ರ ಇದೆ, ನನ್ನ ನಾದಿನಿ, ನಾನು ಸಹಿ ಹಾಕುವುದಿಲ್ಲ. ಮನೀಶನೇ ತಿದ್ದಿ ಬರೆದ. ಮಧ್ಯಾಹ್ನ ಅವನು ಅವಳ ಜೊತೆ ಊಟಕ್ಕೆ ಬರಲಿಲ್ಲ. ಕರಿಯಮ್ಮನ ಕೋಡುಬಳೆ ಡಬ್ಬಿಯನ್ನು ತೊಳೆದು ಅವಳ ಮೇಜಿನ ಮೇಲೆ ಇಟ್ಟು ಹೋಗಿದ್ದ.

ಮನೆಗೆ ಬಂದು, "ಸರಿಮಾಡಿಸಿದೆ," ಎಂದಳು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

ಅವತ್ತಿನಿಂದ ಮನೆಯ ಕೆಲಸ ತಾನಾಗಿ ಬೇರೆಯಾಯಿತು. ಪ್ರಣಮ್ಯಾ ತನ್ನ ಬಟ್ಟೆ ತಾನು ಒಗೆದು ತಾನು ಮಡಿಸಿದಳು. ಮಗುವಿನ ಬಟ್ಟೆಯನ್ನೂ ಒಗೆದಳು. ನಂದಿತಾಳದು ಬಕೆಟ್ಟಿನಲ್ಲೇ ಉಳಿಯಿತು. ಕರಿಯಮ್ಮ ಸೊಸೆಗೆ ಬಡಿಸುವುದನ್ನು ಬಿಡಲಿಲ್ಲ, ಆದರೆ "ಇನ್ನೊಂಚೂರು ಆಕ್ಲಾ" ಎಂದು ಕೇಳುವುದನ್ನು ಬಿಟ್ಟಳು. ಅಂದಾನಿ ಸೊಸೆಗೆ ಹೇಳಬೇಕಾದ್ದನ್ನೆಲ್ಲ ಮೊಮ್ಮಗಳಿಗೆ ಹೇಳಿದ.

"ಅಶ್ವಿಪಾಪ, ಗ್ಯಾಸ್ ಮುಗ್ದದೆ ಅಂತ ನಿಮ್ಮಮ್ಮಂಗೆ ಯೋಳು."

"ಅಶ್ವಿ, ಬುಕ್ ಮಾಡಿದ್ದೀನಿ ಅಂತ ತಾತಂಗೆ ಹೇಳು."

"ಗ್ಯಾಸ್," ಎಂದಿತು ಮಗು. ಅದಕ್ಕೆ ಅದೊಂದು ಹೊಸ ಮಾತು.

ಬೀದಿಯವರಿಗೂ ಉತ್ತರ ಕೊಡಬೇಕಿತ್ತು. ನೀರಿಗೆ ನಿಂತಾಗ ಎದುರು ಮನೆಯಾಕೆ, "ಪೊಣ್ಣು ಎಪ್ಪೋ ಕೆಳಂಬುದು?" ಎಂದು ಮಗಳು ಹೊರಡುವ ದಿನ ಕೇಳಿದರೆ ಅಂದಾನಿ ಕೊಡವನ್ನೇ ನೋಡುತ್ತಿದ್ದ. ಕೊನೆಗೆ ನೀರಿಗೆ ಹೋಗುವುದನ್ನೇ ಶ್ರೀನಾಥನಿಗೆ ಬಿಟ್ಟ.

ಜೂನ್ ಮುಗಿಯುವ ಹೊತ್ತಿಗೆ ನ್ಯೂಜಿಲೆಂಡಿನ ಕಾಲೇಜಿನವರ ಉತ್ತರ ಬಂತು. ವರದಿ ನೋಡಿದೆವು, ಒಂದು ವರ್ಷದ ಆ ಕೋರ್ಸಿಗೆ ನಿಮ್ಮ ಓದು ಸಾಲದು. ಮೊದಲು ಇಲ್ಲೇ ಒಂದು ವರ್ಷದ ಡಿಪ್ಲೊಮಾ ಮಾಡಿ ಸೇರಬಹುದು, ಅದಕ್ಕೆ ಫೀಸಿನ ವಿನಾಯಿತಿ ಇಲ್ಲ. ಪ್ರಣಮ್ಯಾ ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಕನ್ನಡದಲ್ಲಿ ಹೇಳಿದಳು. ವಾರ್ತೆ ಓದಿದ ಹಾಗೆ ಓದಿದಳು.

"ಆಯ್ತಲ್ಲ," ಅಂದಾನಿ ಈಗ ಮೊಮ್ಮಗಳ ಮೂಲಕ ಹೇಳಲಿಲ್ಲ. "ಮನೆ ಮಗಳ ಕಾಲು ಮುರ್ದು ಕೂರ್ಸಾಯ್ತು. ಆಪೀಸ್ನೋರು ಬೆನ್ನು ತಟ್ಟವ್ರೇನಮ್ಮ?"

"ಯಾರೂ ತಟ್ಟಿಲ್ಲ ಮಾವ."

"ಓದ್ದೋಳು ಸೊಸೆಯಾಗಿ ಬಂದ್ರೆ ಮನೆಗೆ ದೀಪ ಅಂದಿದ್ರು. ದೀಪ ಅಲ್ಲ, ಸೀಮೆಎಣ್ಣೆ."

"ಸಾಕು ಮಾಡಿ," ಎಂದಳು ಕರಿಯಮ್ಮ. ಮೊಣಕಾಲು ಹಿಡಿದು ಎದ್ದು ನಿಂತಳು. ಅವಳು ನಿಂತು ಮಾತಾಡುವುದು ಅಪರೂಪ. "ಅವ್ಳನ್ನ ಯಾಕಂತೀರಿ? ಅವತ್ತು ಬಸ್ ಹತ್ಸಿ ಕಳಿಸ್ದೋರ್ಯಾರು? ಕಾಲೇಜ್ ಇನ್ನೊಂದ್ ವರ್ಸ ಐತೆ ಅಪ್ಪ ಅಂತ ಮಗಳು ಅತ್ಲು. ನೀವೇನಂದ್ರಿ? ಡಿಗ್ರಿ ಅಂದ್ರೆ ಮೂರೇ ವರ್ಸ, ನಾಕನೇದು ಸರ್ಕಾರದ ತೀಟೆ, ಅದ್ರಲ್ಲೇನೈತೆ ಅಂದ್ರಿ."

"ಅವತ್ತು ನಿನ್ ಕಾಲು..."

"ನನ್ ಕಾಲು ಹಾಳಾಗಿತ್ತು, ಊ. ದುಡ್ಡು ಕೊಟ್ರೆ ಬಾಣಂತನ ಮಾಡೋರು ಈ ಊರಲ್ಲಿ ಇರ್ನಿಲ್ವಾ? ಹೆಣ್ ಮಗ್ಳು ಮನೇಲೇ ಅವ್ಳಲ್ಲ ಅಂತ ನಾನೂ ಅಂದ್ಕಂಡೆ. ಇವ್ನು ಅಂದ್ಕಂಡ. ಎಲ್ಲಾ ಸೇರಿ ಒಂದ್ ವರ್ಸ ಉಂಡ್ವಿ. ಇವಳೊಬ್ಳೆ ಉಂಡಂಗೆ ಮಾತಾಡ್ಬ್ಯಾಡಿ."

ಅಂದಾನಿ ಹೆಗಲ ಮೇಲಿನ ಟವಲು ಸರಿಮಾಡಿಕೊಂಡ. ಊರಲ್ಲಿ ಯಾರಿಗೂ ಬೇಡವಾಗಿದ್ದ ಆ ವರ್ಷಕ್ಕೆ ಕಡಲಾಚೆ ಯಾರೋ ಬೆಲೆ ಕಟ್ಟಿದ ಮೇಲೆ ಇವರಿಗೆಲ್ಲ ಅದು ಕಳೆದುಹೋದದ್ದು ಕಂಡಿತ್ತು.

ಪ್ರಣಮ್ಯಾ ಮಗುವನ್ನು ಸೊಂಟದಿಂದ ಇಳಿಸಿದಳು. "ಜಗಳ ಆಯ್ತಾ? ನಂದೊಂದು ಮಾತಿದೆ. ಮೈಸೂರಲ್ಲಿ ಒಂದು ಕಾಲೇಜಲ್ಲಿ ನಾಲ್ಕನೇ ವರ್ಷ ಇನ್ನೂ ಇದೆ. ಹಿಂದೆ ಬಿಟ್ಟೋರನ್ನೂ ಸೇರಿಸ್ಕೋತಾರಂತೆ. ಇದೇ ಕೊನೇ ಬ್ಯಾಚ್. ಮುಂದಿನ ತಿಂಗಳು ಶುರು."

"ಮೈಸೂರಾ?" ಅಂದಾನಿ ಕೇಳಿದ. "ಕೆಲ್ಸ?"

"ಬಿಟ್ಟೆ. ಮೊನ್ನೆನೇ ಹೇಳಿ ಬಂದೆ."

"ಅಶ್ವಿ?" ಶ್ರೀನಾಥ್ ಕೇಳಿದ. ಆ ಪ್ರಶ್ನೆ ಅವನ ಬಾಯಿಂದ ಹೊರಟ ಮೇಲೆ ಅದರ ತಪ್ಪು ಅವನಿಗೇ ತಿಳಿಯಿತು.

"ನಿನ್ ಮಗಳಲ್ವೇನ್ಲಾ?" ಎಂದಳು ಕರಿಯಮ್ಮ.

ಮುಂದಿನ ವಾರಗಳು ಮದುವೆ ಮನೆಗಿಂತ ಹೆಚ್ಚು ಓಡಾಟದವು. ಶ್ರೀನಾಥ್ ಶಿಫ್ಟು ಬದಲಿಸಿಕೊಂಡ, ಬದಲಿಸಲು ಎರಡು ಸಲ ಮೇಲಿನವರ ಕಾಲು ಹಿಡಿದ. ಬಸ್ ನಿಲ್ದಾಣದ ಹತ್ತಿರ ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಯನ್ನು ನಂದಿತಾ ಹುಡುಕಿದಳು. ಅಲ್ಲಿ ಆಯಾ ಅಮ್ಮ ತಮಿಳಿನಲ್ಲಿ ಲಾಲಿ ಹಾಡಿದರೆ ಅಶ್ವಿತಾ ಬೀದಿಗೆ ಕೇಳುವಂತೆ ಅಳುತ್ತಿತ್ತು. ಬೆಳಿಗ್ಗೆ ಬಿಟ್ಟು ಬರುವ ಕೆಲಸ ಅಂದಾನಿಗೆ ಬಂತು. ಮೊದಲ ದಿನ ಅವನು ಬಿಟ್ಟು ಬರಲಾರದೆ ಅಲ್ಲೇ ಮೆಟ್ಟಿಲ ಮೇಲೆ ಮಧ್ಯಾಹ್ನದ ತನಕ ಕೂತಿದ್ದ.

ಪ್ರಣಮ್ಯಾ ಹೊರಟ ದಿನ ನಂದಿತಾ ಪುಳಿಯೋಗರೆ ಕಟ್ಟಿಕೊಟ್ಟಳು. ಪ್ರಣಮ್ಯಾ ತೆಗೆದುಕೊಂಡಳು. ಅವ್ವನ ಕಾಲಿಗೆ ಬಿದ್ದಳು, ಅಪ್ಪನ ಕಾಲಿಗೆ ಬಿದ್ದಳು. ಅತ್ತಿಗೆಗೆ "ಬರ್ತೀನಿ" ಎಂದಳು, ಮುಖ ನೋಡಲಿಲ್ಲ. ಮಗು ಆಟೋ ಹಿಂದೆ ಓಡಿತು. ಹಿಡಿದು ತಂದವಳು ನಂದಿತಾ. ಅವಳ ಕೈಯಲ್ಲಿ ಅದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ, "ಅತ್ತೇ, ಅತ್ತೇ," ಎಂದು ಕಿರುಚಿತು, ಅವಳ ಕೆನ್ನೆ ಪರಚಿತು.

ಹಾಸ್ಟೆಲಿನಿಂದ ಫೋನು ದಿನವೂ ಬಂತು, ಕರಿಯಮ್ಮನ ಫೋನಿಗೆ. ಊಟ ಆಯ್ತಾ, ಕಾಲು ಹೇಗಿದೆ, ಅಶ್ವಿ ಏನು ಮಾಡ್ತಿದೆ. ಕಾಲೇಜಲ್ಲಿ ತನಗಿಂತ ಚಿಕ್ಕವರು ಅಕ್ಕ ಎಂದು ಕರೆಯುತ್ತಾರೆ, ಮೆಸ್ಸಿನ ಸಾರು ನೀರು. ಅತ್ತಿಗೆಯ ಹೆಸರು ಆ ಮಾತುಗಳಲ್ಲಿ ಬರುತ್ತಿರಲಿಲ್ಲ. ನಂದಿತಾ ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಆಫೀಸಿನಲ್ಲಿ ಮನೀಶ್ ಮತ್ತೆ ಮಾತಾಡತೊಡಗಿದ್ದ, ಆದರೆ ಈಗ "ಮೇಡಂ" ಎನ್ನುತ್ತಿದ್ದ.

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಫೋನು ನಂದಿತಾಳದ್ದೇ ಬಡಿಯಿತು. ಅವಳು ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಜಿಡ್ಡು ಕೈಯಲ್ಲೇ ಎತ್ತಿದಳು.

"ಅತ್ತಿಗೆ, ಒಂದು ಕೇಳ್ಬೇಕಿತ್ತು," ಎಂದಳು ಪ್ರಣಮ್ಯಾ. ಹಿಂದೆ ಹಾಸ್ಟೆಲಿನ ಬಕೆಟ್ಟುಗಳ ಸದ್ದು. "ಇಲ್ಲಿ ಲೆಕ್ಚರರ್ ಒಬ್ರು ಹೇಳಿದ್ರು, ನಾಲ್ಕು ವರ್ಷ ಮುಗಿಸಿದ್ರೆ ಅಲ್ಲಿ ಖಂಡಿತ ಸಿಗತ್ತೆ, ಚಿಂತೆ ಬೇಡ ಅಂತ. ಅಪ್ಪನೂ ಹಾಗೇ ಅಂತಾರೆ. ಅಣ್ಣನೂ. ನಿಜನಾ?"

ಹೌದು ಎನ್ನಲು ಒಂದೇ ಮಾತು ಸಾಕಿತ್ತು. ಆ ಮಾತಿನಿಂದ ಮನೆ ಎಷ್ಟು ಹಗುರಾಗುತ್ತಿತ್ತೆಂದು ನಂದಿತಾಳಿಗೆ ಗೊತ್ತಿತ್ತು.

"ಖಂಡಿತ ಅಂತ ಹೇಳಕ್ಕಾಗಲ್ಲ ಪ್ರಣಮ್ಯಾ. ಮಧ್ಯದಲ್ಲಿ ಎರಡು ವರ್ಷ ಬಿಟ್ಟು ಬೇರೆ ಕಾಲೇಜಲ್ಲಿ ಮುಗಿಸಿದ್ದನ್ನ ಹೇಗೆ ನೋಡ್ತಾರೋ, ಅಂಥದ್ದು ನಮ್ಮಲ್ಲಿ ಇನ್ನೂ ಒಂದೂ ಬಂದಿಲ್ಲ. ನಮ್ಮ ಕಡೆ ಆರು ಬರತ್ತೆ, ಅದು ಗೊತ್ತು. ಅವರ ಕಡೆ ಏನು ಅಂತ ನನಗೆ ಗೊತ್ತಿಲ್ಲ. ಫೀಸು ಬಿಡೋದೂ ಮತ್ತೆ ಹೊಸದಾಗಿ ಕೇಳ್ಬೇಕು."

ಕರಿಯಮ್ಮ ಬಾಗಿಲಿಗೆ ಬಂದು ನಿಂತಳು.

"ಓದೋದು ಬಿಡಬೇಡ," ಎಂದಳು ನಂದಿತಾ.

"ಬಿಡಕ್ಕೆ ಅಂತ ಕೇಳ್ಲಿಲ್ಲ," ಎಂದಳು ಪ್ರಣಮ್ಯಾ. ದನಿ ಗಡುಸಾಗಿತ್ತು, ಆದರೆ ಫೋನು ಇಡಲಿಲ್ಲ. "ಎಲ್ಲರೂ ಖಂಡಿತ ಖಂಡಿತ ಅಂತಿದ್ರು, ನಂಬೋಕಾಗದೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಸರಿ. ನಮ್ಮ ಹುಡುಗಿ ಎಲ್ಲಿ? ಫೋನ್ ಕೊಡಿ ಅವಳಿಗೆ."

ನಂದಿತಾ ಫೋನನ್ನು ಮಗುವಿನ ಕಿವಿಗೆ ಹಿಡಿದಳು. ಎಣ್ಣೆಗೆ ಅದು ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡಳು.